ಓಡಿಹೋದವಳು ಅನ್ನೋಕೆ ನೀವ್ಯಾರು?

ಮಂಡ್ಯ, ಮದ್ದೂರು, ರಾಮನಗರದ ಕಡೆಯ ಹಳ್ಳಿಗಳಿಂದ ಕತ್ತಲಲ್ಲೇ ಗಾರ್ಮೆಂಟ್ಸ್ ಬಸ್ಸು ಹತ್ತುವ ಅಕ್ಕಂದಿರಿಗೆ ಇದು ಹೊಸ ಸುದ್ದಿಯಲ್ಲ. ಒಂದು ಫ್ಯಾಕ್ಟರಿ ಬಿಟ್ಟು ಇನ್ನೊಂದರ ಗೇಟಿಗೆ ಹೋದರೆ, ಹೊಸ ಎಚ್‌ಆರ್ ಹಳೇ ಎಚ್‌ಆರ್‌ಗೆ ಒಂದು ಫೋನ್ ಮಾಡುತ್ತಾರೆ. 'ಅವಳಾ? ಜಗಳಗಂಟಿ. ಹೇಳದೆ ಕೇಳದೆ ಓಡಿಹೋದವಳು.' ಮುಗಿಯಿತು. ತಿಳಿಸ್ತೀವಿ ಅಂದವರು ತಿಳಿಸುವುದೇ ಇಲ್ಲ.

ಓಡಿಹೋದಳು ಅಂದರೆ ನಮ್ಮೂರುಗಳಲ್ಲಿ ಏನರ್ಥ ಅಂತ ಎಸಿ ರೂಮಿನವರಿಗೆ ಗೊತ್ತಿಲ್ಲವೇನೋ. ಅತ್ತೆಗೆ ಹುಷಾರಿಲ್ಲ ಅಂತ ಹದಿನೈದು ದಿನ ಊರಲ್ಲಿ ಉಳಿದವಳು, ಟಾರ್ಗೆಟ್ ಮುಟ್ಟಲಿಲ್ಲ ಅಂತ ಬೈದ ಸೂಪರ್‌ವೈಸರ್‌ಗೆ ತಿರುಗಿ ಮಾತಾಡಿದವಳು, ರಾಜೀನಾಮೆ ಬರೆದುಕೊಟ್ಟರೂ ಯಾರೂ ತಗೊಳ್ಳದೆ ವಾಪಸ್ ಬಂದವಳು, ಎಲ್ಲರಿಗೂ ಒಂದೇ ಸೀಲು: 'ಅಬ್‌ಸ್ಕಾಂಡೆಡ್'.

ಮಾಲೀಕರು ಯಾರ ಬಗ್ಗೆಯೂ ಕೆಟ್ಟದ್ದು ಹೇಳಲೇಬಾರದು ಅಂತ ನಾವು ವಾದಿಸುತ್ತಿಲ್ಲ. ಕಳ್ಳತನ ಆಗಿದ್ದರೆ, ದಾಖಲೆ ಇದ್ದರೆ, ಹೇಳಲಿ. ಸದುದ್ದೇಶದಿಂದ ಆಡಿದ ಮಾತಿಗೆ ಕಾನೂನೂ ವಿನಾಯಿತಿ ಕೊಟ್ಟಿದೆ. ಆದರೆ ಸುಳ್ಳು ಅಂತ ಗೊತ್ತಿದ್ದೂ ಹೆಸರು ಕೆಡಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನಹಾನಿ, ಎರಡು ವರ್ಷದವರೆಗೆ ಜೈಲು ಆಗಬಹುದು. ಹಾಗಂತ ದಿನದ ಸಂಬಳ ಕಳಕೊಂಡು ಕೋರ್ಟಿಗೆ ಅಲೆಯಿರಿ ಅನ್ನುವಷ್ಟು ಕಲ್ಲೆದೆ ನಮಗಿಲ್ಲ. ಫೋನಿನಲ್ಲಿ ಆಡಿದ್ದಕ್ಕೆ ಸಾಕ್ಷಿ ಎಲ್ಲಿ ತರುತ್ತೀರಿ? ಈ ಸುಳ್ಳಿಗೆ ಸಹಿ ಇಲ್ಲ, ಅದೇ ಅದರ ಬಲ.

ಅದಕ್ಕೇ ಕಾಗದ ನಿಮ್ಮ ಕಡೆ ಇರಲಿ. ರಾಜೀನಾಮೆ ಕೈಯಲ್ಲಿ ತಗೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯ ಫೋಟೋ ಹೊಡೆದಿಡಿ. ರಜೆಯನ್ನು ಬಾಯಲ್ಲಿ ಕೇಳಬೇಡಿ, ವಾಟ್ಸಾಪಿನಲ್ಲಿ ಕೇಳಿ. ಸಂಬಳದ ಚೀಟಿ ಬಿಸಾಡಬೇಡಿ. ಕೆಲಸ ಬಿಟ್ಟ ದಿನಾಂಕವನ್ನು ಪಿಎಫ್‌ನಲ್ಲಿ ಹಾಕದೆ ಸತಾಯಿಸಿದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪಿಎಫ್ ಪೋರ್ಟಲಿನಲ್ಲಿ ನೀವೇ ಹಾಕಬಹುದು. 2020ರಿಂದ ಈ ಅವಕಾಶ ಇದೆ. (ಓಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ಮೊಬೈಲು ನಿಮ್ಮ ಕೈಯಲ್ಲಿರಲಿ, ಗಂಡನ ಜೇಬಿನಲ್ಲಲ್ಲ.) ಎಲ್ಲಿ, ಎಷ್ಟು ತಿಂಗಳ ಪಿಎಫ್ ಕಟ್ಟಿದ್ದಾರೆ ಅಂತ ಪಾಸ್‌ಬುಕ್ಕೇ ಹೇಳುತ್ತದೆ.

ಇನ್ನು ಹೊಸ ಫ್ಯಾಕ್ಟರಿಯವರು. ಮೂರು ವರ್ಷ ದುಡಿದವಳ ಪಾಸ್‌ಬುಕ್ ಎದುರಿಗಿರುವಾಗ, ಮುಖ ಕಾಣದವರ ಮಾತೇ ಯಾಕೆ ದೊಡ್ಡದು? ಮೆಷಿನ್ ಮುಂದೆ ಕೂರಿಸಿ, ಒಂದು ಕಾಲರ್ ಹೊಲಿಸಿ ನೋಡಿ. ಹಳೇ ಕಂಪನಿಯವರು ಆಮೇಲೂ ಫೋನಿನಲ್ಲಿ ದೂರು ಹೇಳಿದರೆ, ಅದನ್ನೇ ಲೆಟರ್‌ಹೆಡ್‌ನಲ್ಲಿ ಬರೆದು ಸಹಿ ಹಾಕಿ ಕಳಿಸಿ ಅಂತ ಕೇಳಿ.