ತೇಪೆಯನ್ನು ಸೀರೆ ಎನ್ನಬೇಡಿ

ಗಿಫ್ ಫೈಲಿನಿಂದ ಫ್ರೇಮುಗಳನ್ನು ಬಿಡಿಬಿಡಿಯಾಗಿ ತೆಗೆಯುವುದು ಹೇಗೆ ಎಂದು ಯಾರನ್ನೇ ಕೇಳಿ, ಐದು ಸಾಲಿನ ಕೋಡ್ ಕೈಗಿಡುತ್ತಾರೆ. ಫೈಲ್ ತೆರೆ, ಲೂಪ್ ಹಾಕು, ಪ್ರತಿ ಫ್ರೇಮನ್ನೂ ಪಿಎನ್‌ಜಿಯಾಗಿ ಉಳಿಸು. ಕೋಡ್ ಓಡುತ್ತದೆ, ಎರರ್ ಬರುವುದಿಲ್ಲ, ಫೋಲ್ಡರಿನಲ್ಲಿ ನಲವತ್ತು ಚಿತ್ರ ಬಂದು ಕೂರುತ್ತವೆ. ನನ್ನ ತಕರಾರು ಈ ಐದು ಸಾಲಿನ ಮೇಲೆಯೇ. ಎರರ್ ಕೊಟ್ಟು ನಿಲ್ಲುವ ಕೋಡನ್ನು ಸಹಿಸಬಹುದು. ಸುಮ್ಮನೆ ತಪ್ಪು ಉತ್ತರ ಕೊಡುವುದನ್ನು ಯಾಕೆ ಸಹಿಸಬೇಕು?

ಈ ಫೈಲಿನ ಹುಟ್ಟು ನೆನಪಿಸಿಕೊಳ್ಳಿ. 1987ರಲ್ಲಿ ಕಂಪ್ಯೂಸರ್ವ್ ಕಂಪನಿ ಇದನ್ನು ಹೊರತಂದಿತು. (ರೂಪಿಸಿದ ಸ್ಟೀವ್ ವಿಲ್‌ಹೈಟ್ ಇದನ್ನು ಜಿಫ್ ಎನ್ನಿ ಎನ್ನುತ್ತಿದ್ದರು, ನಾನು ರೂಢಿಗೆ ಶರಣು.) ಫೋನ್ ಲೈನಿನ ಮೇಲೆ ಮೋಡೆಮ್ ತೆವಳುತ್ತಿದ್ದ ಕಾಲ, ಒಂದೊಂದು ಬೈಟಿಗೂ ಲೆಕ್ಕ. ಹಾಗಾಗಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಾಗಿರಬೇಕೆಂದಿಲ್ಲ. ಎಡದಿಂದ ಎಷ್ಟು, ಮೇಲಿನಿಂದ ಎಷ್ಟು, ಅಗಲ ಎತ್ತರ ಎಷ್ಟು ಎಂದು ಹೇಳಿ, ಬದಲಾದ ಭಾಗವನ್ನಷ್ಟೇ ಕಳಿಸಬಹುದು. ಮನುಷ್ಯ ಕಣ್ಣು ಮಿಟುಕಿಸಿದರೆ ಎರಡನೇ ಫ್ರೇಮಿನಲ್ಲಿರುವುದು ಕಣ್ಣಿನ ಪಟ್ಟಿ ಮಾತ್ರ. ಅದು ತೇಪೆ. ತೇಪೆಯನ್ನು ಕಿತ್ತು ತಂದು ಇದೇ ಸೀರೆ ಎಂದರೆ ಹೇಗೆ?

1989ರ ಆವೃತ್ತಿ ಇನ್ನೊಂದು ಸೂಚನೆ ಸೇರಿಸಿತು: ಮುಂದಿನ ಫ್ರೇಮ್ ಬರುವ ಮುನ್ನ ಈ ತೇಪೆಯನ್ನು ಏನು ಮಾಡಬೇಕು? ಹಾಗೇ ಬಿಡುವುದೋ, ಆ ಜಾಗ ಅಳಿಸುವುದೋ, ಮೊದಲಿದ್ದದ್ದನ್ನು ಮರಳಿ ಇಡುವುದೋ? ಇದನ್ನು ಓದದ ಕೋಡಿನಲ್ಲಿ ಓಡುವ ನಾಯಿಯ ಹಿಂದೆ ನಾಯಿಯ ನೆರಳುಗಳ ಮೆರವಣಿಗೆ ಹೊರಡುತ್ತದೆ.

ಇವೆರಡೂ ಕಣ್ಣಿಗೆ ಕಾಣುವ ತಪ್ಪುಗಳು, ಹಿಡಿಯಬಹುದು. ಕಾಣದ ಕಳ್ಳತನ ಸಮಯದ್ದು. ಗಿಫ್‌ನಲ್ಲಿ ಪ್ರತಿ ಫ್ರೇಮಿಗೂ ತನ್ನದೇ ತಡೆಯ ಅವಧಿ, ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. ಸನ್ನೆ ಭಾಷೆ ಕಲಿಸುವ ಒಂದು ಗಿಫ್ ಇದೆಯೆನ್ನಿ. ಕೈ ಚಲಿಸುವ ಫ್ರೇಮುಗಳಿಗೆ 4, ಕೈ ನಿಂತ ಫ್ರೇಮಿಗೆ 50. ಐದು ಸಾಲಿನ ಕೋಡ್ ಅವಧಿಯನ್ನು ಬಿಸಾಡುತ್ತದೆ. ಆಮೇಲೆ ಯಾರೋ ಆ ಚಿತ್ರಗಳನ್ನು ಸೆಕೆಂಡಿಗೆ ಹತ್ತರಂತೆ ವಿಡಿಯೊ ಮಾಡುತ್ತಾರೆ. ಅರ್ಧ ಸೆಕೆಂಡ್ ನಿಂತಿದ್ದ ಕೈ ಹತ್ತನೇ ಒಂದು ಸೆಕೆಂಡಿನಲ್ಲಿ ಮಾಯ; ಚುರುಕಾಗಿದ್ದ ಚಲನೆ ಎರಡೂವರೆ ಪಟ್ಟು ನಿಧಾನ. ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಎಂಬುದೂ ಅರ್ಥದ ಭಾಗವಾಗಿರುವ ಭಾಷೆಯಲ್ಲಿ ಇದು ಉಚ್ಚಾರಣೆಯನ್ನೇ ಕೆಡಿಸಿದಂತೆ. ಅದನ್ನು ನೋಡಿ ಕಲಿಯುವ ಮಗುವಿಗೆ ಮೂಲ ಹೇಗಿತ್ತೆಂದು ಗೊತ್ತಾಗುವುದೇ ಇಲ್ಲ.

"ಅದನ್ನೆಲ್ಲ ಲೈಬ್ರರಿ ನೋಡಿಕೊಳ್ಳುತ್ತದೆ" ಎನ್ನುತ್ತಾರೆ. ಯಾವ ಲೈಬ್ರರಿ? ಪೈಥಾನಿನ ಪಿಲ್ಲೋ ತೇಪೆಗಳನ್ನು ಜೋಡಿಸಿಯೇ ಕೊಡುತ್ತದೆ, ಆದರೆ ಅವಧಿಯನ್ನು ನೀವೇ ಕೇಳಿ ಪಡೆಯಬೇಕು. ಇಮೇಜ್‌ಮ್ಯಾಜಿಕ್‌ಗೆ ಕೋಲೆಸ್ ಎಂದು ಬಾಯಿಬಿಟ್ಟು ಹೇಳಬೇಕು. ಗೋ ಭಾಷೆಯ ಸ್ವಂತ ಲೈಬ್ರರಿ ತೇಪೆ, ಅವಧಿ, ಸೂಚನೆ ಮೂರನ್ನೂ ಪ್ರಾಮಾಣಿಕವಾಗಿ ಬೇರೆಬೇರೆ ಪಟ್ಟಿಗಳಲ್ಲಿ ಕೊಡುತ್ತದೆ. ಅವಸರದವನು ಮೊದಲನೆಯದನ್ನಷ್ಟೇ ಎತ್ತಿಕೊಂಡು ಓಡುತ್ತಾನೆ. ನನ್ನ ಬೇಡಿಕೆ ಸರಳ. ಕೇಳದೆಯೇ ಸಿಗಬೇಕಾದದ್ದು ಪೂರ್ತಿ ಚಿತ್ರ ಮತ್ತು ಅದರ ಅವಧಿ, ಜೊತೆಯಾಗಿ. ಹಸಿ ತೇಪೆ ಬೇಕಾದವರು ಬೇಕೆಂದು ಕೇಳಲಿ.

ಮೆಮೊರಿ ತಿನ್ನುತ್ತದೆ ಎಂಬ ವಾದವೂ ನಿಲ್ಲುವುದಿಲ್ಲ. 500ಕ್ಕೆ 500 ಪಿಕ್ಸೆಲ್‌ನ ಚಿತ್ರಕ್ಕೆ ನಾಲ್ಕು ಚಾನೆಲ್ ಸೇರಿ ಹತ್ತು ಲಕ್ಷ ಬೈಟ್. ನಲವತ್ತನ್ನೂ ಒಟ್ಟಿಗೆ ಹಿಡಿದಿಟ್ಟುಕೊಳ್ಳಿ ಎಂದವರು ಯಾರು? ಒಂದು ಕ್ಯಾನ್ವಾಸ್, ಮರಳಿ ಇಡುವ ಸೂಚನೆಗಾಗಿ ಅದರ ಒಂದು ಪ್ರತಿ. ಜೋಡಿಸಿದ್ದನ್ನು ಬರೆದು ಮುಂದಕ್ಕೆ ಹೋಗುವುದು. ಒಂದು ಸೆಲ್ಫಿ ತೆರೆಯಲು ಫೋನಿಗೆ ಇದಕ್ಕಿಂತ ಹೆಚ್ಚು ಬೇಕು.

ಸದ್ಯಕ್ಕೆ, ನಿಮ್ಮ ಕೋಡ್ ತೆಗೆದ ಫ್ರೇಮುಗಳ ಹೆಸರಿನಲ್ಲೇ ಅವಧಿ ಬರೆದಿಡಿ. ಅವುಗಳಿಂದ ಮತ್ತೆ ಗಿಫ್ ಕಟ್ಟಿ, ಮೂಲದ ಪಕ್ಕದಲ್ಲಿ ಓಡಿಸಿ ನೋಡಿ.