ಹಾಸಿಗೆಯನ್ನೇ ಉದ್ದ ಮಾಡಿಕೊಳ್ಳೋಣ

ಕಳೆದ ಯುಗಾದಿ ಪಾಟ್‌ಲಕ್‌ನಲ್ಲಿ ಹೋಳಿಗೆ ಖಾಲಿಯಾಗಿ, ಚಿತ್ರಾನ್ನದ ಪಾತ್ರೆಯೂ ತಳ ಕಂಡ ಮೇಲೆ, ಈ ವರ್ಷವಷ್ಟೇ ಬಂದ ಒಬ್ಬ ಹುಡುಗಿ ನನ್ನ ಪಕ್ಕ ಬಂದು ಕೂತಳು. ತೀರ್ಥಹಳ್ಳಿ ಕಡೆಯವಳು, ಇಲ್ಲಿ ಭಾಷಾಶಾಸ್ತ್ರದಲ್ಲಿ ಮಾಸ್ಟರ್ಸ್ ಮಾಡ್ತಿದ್ದಾಳೆ. ಮಾತಿನ ಮಧ್ಯೆ ಫೋನ್ ತೆಗೆದು ಒಂದು ರೆಕಾರ್ಡಿಂಗ್ ಕೇಳಿಸಿದಳು. ಅವಳ ಅಜ್ಜಿ ಹಾಡಿದ ಸೋಬಾನೆ ಪದ. ಹಿಂದೆ ಎಲ್ಲೋ ಕೋಳಿ ಕೂಗ್ತಿತ್ತು, ಯಾರೋ ಪಾತ್ರೆ ತೊಳೀತಿದ್ರು. ಇಂಥವು ಮೂವತ್ತು ಗಂಟೆಯಷ್ಟಿವೆಯಂತೆ.

"ಅಜ್ಜಿ ಹೋಗಿ ಒಂದು ವರ್ಷ ಆಯ್ತು ಅಕ್ಕ. ಇದರಲ್ಲಿ ಎಷ್ಟೋ ಮಾತಿನ ಅರ್ಥ ಈಗ ಚಿಕ್ಕಜ್ಜಿಗೆ ಮಾತ್ರ ಗೊತ್ತು. ಅವರಿಗೂ ಎಂಬತ್ತಾರು. ಕೆಲಸ ಸಿಕ್ಕಿದ ಮೇಲೆ ಊರಿಗೆ ಹೋಗಿ, ಅವರ ಹತ್ರ ಕೂತು ಎಲ್ಲ ಬರ್ಕೋಬೇಕು."

"ಈಗಲೇ ಹೋಗೋಕೆ ಯಾರನ್ನಾದ್ರೂ ದುಡ್ಡು ಕೇಳಿದ್ಯಾ?" ಅಂದೆ.

ನಕ್ಕುಬಿಟ್ಟಳು. "ಇದಕ್ಕೆಲ್ಲ ಯಾರು ಅಕ್ಕ ದುಡ್ಡು ಕೊಡ್ತಾರೆ?"

ಐದು ವರ್ಷದಿಂದ ಈ ಕ್ಯಾಂಪಸ್ಸಿನಲ್ಲಿ ಇದೇ ಮಾತನ್ನು ನಮ್ಮವರಿಂದ ಕೇಳ್ತಾ ಬಂದಿದ್ದೀನಿ. ನಾಟಕ ಬರೆಯೋ ಹುಡುಗ, ಸಾಕ್ಷ್ಯಚಿತ್ರ ಮಾಡಬೇಕು ಅಂದುಕೊಂಡ ಸಿವಿಲ್ ಇಂಜಿನಿಯರ್, ಸಣ್ಣಕತೆ ಅನುವಾದ ಮಾಡಿ ಲ್ಯಾಪ್‌ಟಾಪಲ್ಲೇ ಇಟ್ಟುಕೊಂಡ ಗೆಳತಿ, ಎಲ್ಲರದೂ ಇದೇ ಉತ್ತರ. ನನ್ನ ಪ್ರಕಾರ ಈ ಉತ್ತರ ತಪ್ಪು. ಅದಕ್ಕೇ ಈ ಸಲದ ಸಂಚಿಕೆಗೆ ಇದನ್ನೇ ಬರೀತಿದ್ದೀನಿ.

ಯಾರು ಕೊಡ್ತಾರೆ ಅನ್ನೋಕೆ ಮುಂಚೆ ಯಾರಿಗೆ ಕೊಟ್ಟಿದ್ದಾರೆ ಅಂತ ನೋಡೋಣ. ಯು. ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಪಿಎಚ್‌ಡಿಗೆ ಹೋದರು. 'ಸಂಸ್ಕಾರ' ಬರೆದದ್ದು ಅಲ್ಲಿದ್ದಾಗ, 1965ರಲ್ಲಿ. ಕೊಟ್ಟವರು ಇಂಗ್ಲಿಷ್ ಪ್ರಬಂಧಕ್ಕೆ ಅಂತ ಕೊಟ್ಟರು, ಕನ್ನಡಕ್ಕೆ ಒಂದು ಕಾದಂಬರಿ ಸಿಕ್ಕಿತು. ಎ. ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕಕ್ಕೆ ಬಂದು ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಓದಿದರು. ವಚನಗಳನ್ನು ಪ್ರಪಂಚ ಇಂಗ್ಲಿಷಿನಲ್ಲಿ ಓದಿದ್ದು ಆಮೇಲೆ ಅವರ ಕೈಯಿಂದ. ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನದಲ್ಲಿ ಆಕ್ಸ್‌ಫರ್ಡಿಗೆ ಹೋದವರು. 1970ರಿಂದ 72ರವರೆಗೆ ಅವರಿಗೆ ಹೋಮಿ ಭಾಭಾ ಫೆಲೋಶಿಪ್ ಇತ್ತು. 'ಹಯವದನ' ಅದೇ ಕಾಲದ್ದು. ಮೊನ್ನೆ ಮೊನ್ನೆಯ ಮಾತು ತಗೊಳ್ಳಿ. 2025ರಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿಕೊಂಡ್ವಿ. ಆ ಪುಸ್ತಕಕ್ಕೆ ಬಹುಮಾನಕ್ಕೂ ಮುಂಚೆ ಇಂಗ್ಲಿಷ್ ಪೆನ್ ಸಂಸ್ಥೆಯ ಅನುವಾದ ನೆರವು ಸಿಕ್ಕಿತ್ತು ಅನ್ನೋದನ್ನ ಎಷ್ಟು ಜನ ಗಮನಿಸಿದ್ವಿ?

ಪ್ರತಿಭೆ ಅವರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಿಂಗಳುಗಳ ಬಾಡಿಗೆ ಕಟ್ಟಿದವರು ಬೇರೆ ಯಾರೋ. ಅದನ್ನು ಕೇಳಿ ಪಡೆಯೋದರಲ್ಲಿ ಅವರು ಯಾರೂ ಸಣ್ಣವರಾಗಲಿಲ್ಲ.

ಹಾಗಾದ್ರೆ ನಾವು ಯಾಕೆ ಕೇಳಲ್ಲ? ಮೊದಲನೇ ಕಾರಣ ಸಂಕೋಚ. ಇನ್ನೊಬ್ಬರ ಮುಂದೆ ಕೈ ಚಾಚಬಾರದು ಅಂತಲೇ ನಮ್ಮನ್ನು ಬೆಳೆಸಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಕೇಳದ ಮನೆ ಇಲ್ಲ. ಶಿಕ್ಷಣದ ಸಾಲ ಹೊತ್ತು ಬಂದವರಿಗೆ ಆ ಗಾದೆ ಇನ್ನೂ ಗಟ್ಟಿಯಾಗಿ ಕೇಳಿಸುತ್ತೆ. ಆದರೆ ಗ್ರಾಂಟ್ ಅಂದರೆ ಭಿಕ್ಷೆ ಅಲ್ಲ. ಒಂದು ಪ್ರತಿಷ್ಠಾನ ಇರೋದೇ ದುಡ್ಡು ಕೊಡೋಕೆ. ಒಳ್ಳೆ ಅರ್ಜಿ ಬರದಿದ್ದರೆ ಕಷ್ಟ ಅವರಿಗೂ ಇದೆ.

ಎರಡನೇ ಕಾರಣ, "ಅದೆಲ್ಲ ಸಿಟಿಜನ್‌ಗಳಿಗೆ" ಅನ್ನೋ ನಂಬಿಕೆ. ಇದು ಅರ್ಧ ನಿಜ. ಎನ್‌ಎಸ್‌ಎಫ್‌ನ ಗ್ರ್ಯಾಜುಯೇಟ್ ಫೆಲೋಶಿಪ್ ಎಫ್-1 ವೀಸಾದವರಿಗೆ ಇಲ್ಲ. ಫುಲ್‌ಬ್ರೈಟ್-ಹೇಸ್ ಕೂಡ ಇಲ್ಲ. ಈ ಎರಡು ಬಾಗಿಲು ತಟ್ಟಿ ನೋಡಿ ನಾವು ವಾಪಸ್ ಬಂದುಬಿಡ್ತೀವಿ. ಉಳಿದರ್ಧ ನೋಡಿ: ಮಾನವಶಾಸ್ತ್ರದ ಪಿಎಚ್‌ಡಿ ಕ್ಷೇತ್ರಕಾರ್ಯಕ್ಕೆ ನೆರವು ಕೊಡೋ ವೆನ್ನರ್-ಗ್ರೆನ್ ಪ್ರತಿಷ್ಠಾನ ಯಾವ ದೇಶದವರು ಅಂತ ಕೇಳಲ್ಲ. 1961ರಲ್ಲಿ ಶುರುವಾದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಜೂನಿಯರ್ ಫೆಲೋಶಿಪ್‌ಗೆ ಇಲ್ಲಿನ ವಿಶ್ವವಿದ್ಯಾಲಯದ ಡಾಕ್ಟರೇಟ್ ವಿದ್ಯಾರ್ಥಿ ಆಗಿದ್ದರೆ ಅರ್ಜಿ ಹಾಕಬಹುದು, ಭಾರತದಲ್ಲಿ ಹನ್ನೊಂದು ತಿಂಗಳವರೆಗೆ ಸಂಶೋಧನೆ ಮಾಡಬಹುದು. ಪಿಇಒ ಸಂಸ್ಥೆಯ ಅಂತರರಾಷ್ಟ್ರೀಯ ಶಾಂತಿ ವಿದ್ಯಾರ್ಥಿವೇತನ 1949ರಿಂದ ಹೊರದೇಶದ ಹೆಣ್ಣುಮಕ್ಕಳಿಗೆ ಅಂತಲೇ ಇದೆ. ಕೊರಗ, ಸೋಲಿಗದಂಥ ಸಣ್ಣ ಭಾಷೆಗಳನ್ನು ದಾಖಲಿಸೋ ಆಸೆ ಇದ್ದರೆ, ಈಗ ಬರ್ಲಿನ್ನಿನಲ್ಲಿರುವ ಅಳಿವಿನಂಚಿನ ಭಾಷೆಗಳ ದಾಖಲೀಕರಣ ಕಾರ್ಯಕ್ರಮ ಇದೆ. ನಿಯಮ, ಮೊತ್ತ, ಗಡುವು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆದ್ದರಿಂದ ಸೀನಿಯರ್ ಹೇಳಿದ್ದನ್ನು (ನಾನು ಹೇಳಿದ್ದನ್ನೂ) ನಂಬಿ ಕೂರದೆ, ಆ ಸಂಸ್ಥೆಯ ಈ ವರ್ಷದ ಪ್ರಕಟಣೆ ಓದಿ.

ಹುಡುಕೋದು ಎಲ್ಲಿ ಅಂತೀರಾ? ಯುಸಿಎಲ್‌ಎಯ 'ಗ್ರೇಪ್ಸ್' ಪಟ್ಟಿ ಯಾವ ಕ್ಯಾಂಪಸ್ಸಿನವರಿಗೂ ಪುಕ್ಕಟೆ. 'ಪಿವಟ್' ಅನ್ನೋ ಡೇಟಾಬೇಸಿಗೆ ಎಷ್ಟೋ ವಿಶ್ವವಿದ್ಯಾಲಯಗಳು ಚಂದಾ ಕಟ್ಟಿರುತ್ತವೆ, ಲೈಬ್ರರಿಯಲ್ಲಿ ಕೇಳಿ ನೋಡಿ. ಎರಡರಲ್ಲೂ ಪೌರತ್ವದ ಪ್ರಕಾರ ಸೋಸಬಹುದು. ಒಂದು ಭಾನುವಾರ ಮಧ್ಯಾಹ್ನ ಸಾಕು.

ಮೂರನೇ ಕಾರಣ ನನಗೆ ಅತಿ ಹೆಚ್ಚು ಬೇಜಾರು ತರಿಸೋದು. ಕನ್ನಡದ ಕೆಲಸ "ನಿಜವಾದ" ಕೆಲಸ ಅಲ್ಲ, ಹವ್ಯಾಸ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೀವಿ. ಹೊರಗಿನವರು ಹಾಗೆ ಅಂದುಕೊಂಡಿಲ್ಲ. ಬೆಂಗಳೂರಿನ ನ್ಯೂ ಇಂಡಿಯಾ ಫೌಂಡೇಶನ್ನಿನ ಅನುವಾದ ಫೆಲೋಶಿಪ್ಪಿನ ಭಾಷೆಗಳಲ್ಲಿ ಕನ್ನಡ ಇದೆ. ಮೊದಲನೇ ಸುತ್ತಿನಲ್ಲೇ ಎನ್. ಎಸ್. ಗುಂಡೂರರಿಗೆ, ಡಿ. ಆರ್. ನಾಗರಾಜರ ಅಲ್ಲಮಪ್ರಭುವಿನ ಕುರಿತ ಪುಸ್ತಕದ ಅನುವಾದಕ್ಕೆ ಅದು ಸಿಕ್ಕಿತು. ಅದೇ ಊರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ಗೆ ಅರ್ಜಿಯನ್ನು ಕನ್ನಡದಲ್ಲೇ ಬರೆದು ಕಳಿಸಬಹುದು. ಇಲ್ಲಿ ಪೆನ್ ಅಮೆರಿಕದ ಪೆನ್/ಹೈಮ್ ಅನುವಾದ ನಿಧಿ ಇದೆ. ಅದರ ಕತೆ ಚೆನ್ನಾಗಿದೆ. 2003ರಲ್ಲಿ ಯಾರೋ ಹೆಸರು ಹೇಳದೆ 7,34,000 ಡಾಲರ್ ಕೊಟ್ಟರು. ಕೊಟ್ಟವರು ಅನುವಾದಕ ಮೈಕೆಲ್ ಹೆನ್ರಿ ಹೈಮ್ ಮತ್ತು ಅವರ ಹೆಂಡತಿ ಅಂತ ಜನಕ್ಕೆ ತಿಳಿದದ್ದು 2012ರಲ್ಲಿ ಅವರು ತೀರಿಕೊಂಡ ಮೇಲೆ. ಒಬ್ಬ ಮೇಷ್ಟ್ರು ಮುಂದೆ ಬರೋ ಅನುವಾದಕರಿಗೆ ಅಂತ ಎತ್ತಿಟ್ಟ ದುಡ್ಡು ಅದು. ನಾವು ಕೇಳದೆ ಇದ್ದರೆ ಬೇರೆ ಭಾಷೆಯವರು ಕೇಳ್ತಾರೆ, ಅಷ್ಟೇ.

ಈಗ ನನ್ನ ಸೋಲಿನ ಕತೆ. ನನ್ನ ಪಿಎಚ್‌ಡಿ ಕೋಲಾರದ ಕೆರೆಗಳು ಮತ್ತು ನೀರುಗಂಟಿಗಳ ಬಗ್ಗೆ. ಮೊದಲ ವರ್ಷ ಒಂದು ಪ್ರತಿಷ್ಠಾನಕ್ಕೆ ಹಾಕಿದ ಅರ್ಜಿ "ಕರ್ನಾಟಕದಲ್ಲಿ ಕೆರೆಗಳಿಗೆ ದೀರ್ಘ ಇತಿಹಾಸವಿದೆ" ಅಂತ ಶುರುವಾಗಿ ಎರಡು ಪುಟ ಹಾಗೇ ಸಾಗಿತ್ತು. ಸಿಗಲಿಲ್ಲ. ಒಬ್ಬ ವಿಮರ್ಶಕರ ಟಿಪ್ಪಣಿಯ ಸಾರಾಂಶ: ನೀವು ಏನೇನು ಓದ್ತೀರಿ ಅಂತ ಗೊತ್ತಾಯ್ತು, ಏನು ಹುಡುಕ್ತಿದ್ದೀರಿ ಅಂತ ಗೊತ್ತಾಗಲಿಲ್ಲ. ಒಂದು ವಾರ ಸಿಟ್ಟು. ಆಮೇಲೆ, ಅವರು ಹೇಳಿದ್ದು ಸರಿ ಅನ್ನಿಸಿತು.

ಆಗ ಕೈಗೆ ಸಿಕ್ಕಿದ್ದು ಆಡಮ್ ಪ್ರೆಜ್‌ವೊರ್ಸ್ಕಿ ಮತ್ತು ಫ್ರಾಂಕ್ ಸಾಲೊಮನ್ ಬರೆದ, ಅರ್ಜಿ ಬರೆಯೋದು ಹೇಗೆ ಅನ್ನೋ ಕಿರುಹೊತ್ತಿಗೆ. ಸೋಷಿಯಲ್ ಸೈನ್ಸ್ ರಿಸರ್ಚ್ ಕೌನ್ಸಿಲ್ ಅದನ್ನು ಪುಕ್ಕಟೆ ಕೊಡುತ್ತೆ. ಅದರ ತಿರುಳು ಮೂರು ಪ್ರಶ್ನೆ: ಈ ಕೆಲಸದಿಂದ ಹೊಸದಾಗಿ ಏನು ತಿಳಿಯುತ್ತೆ? ಅದನ್ನು ತಿಳಿದು ಏನಾಗಬೇಕು? ತಿಳಿದದ್ದು ಸರಿ ಅಂತ ಹೇಗೆ ಗೊತ್ತಾಗುತ್ತೆ? ಎರಡನೇ ವರ್ಷ ನನ್ನ ಅರ್ಜಿಯ ಮೊದಲ ಸಾಲೇ ಬೇರೆ ಆಯ್ತು. ವರ್ಷಗಟ್ಟಲೆ ಒಣಗಿದ್ದ ಕೆರೆಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರ್ತಿದೆ. ಈಗ ತೂಬು ಎತ್ತೋ ಹಕ್ಕು ಯಾರದು? ಹೆಸರಿಗಷ್ಟೇ ನೀರುಗಂಟಿಯಾಗಿ ಉಳಿದಿದ್ದ ಮನೆಯವರದಾ, ಪಂಚಾಯಿತಿಯದಾ, ಇಲಾಖೆಯದಾ? ಅದೇ ಊರು, ಅದೇ ಕೆರೆ, ಅದೇ ನಾನು. ಈ ಸಲ ಸಿಕ್ಕಿತು. ಕವಿತೆ, ನಾಟಕ, ಚಿತ್ರದ ಅರ್ಜಿಗೂ ಇದು ಅನ್ವಯಿಸುತ್ತೆ. "ನನ್ನ ಸಂಸ್ಕೃತಿಯ ಬಗ್ಗೆ ಏನಾದರೂ ಮಾಡಬೇಕು" ಅನ್ನೋದು ಆಸೆ. "ಈ ಮೂವತ್ತು ಗಂಟೆಯ ಹಾಡಿನಲ್ಲಿ ಅರ್ಥ ಮರೆತುಹೋಗ್ತಿರೋ ಮಾತುಗಳನ್ನು ಚಿಕ್ಕಜ್ಜಿಯ ಜೊತೆ ಕೂತು ಬರ್ಕೊಳ್ತೀನಿ" ಅನ್ನೋದು ಅರ್ಜಿ.

ಇನ್ನೆರಡು ಕಲಿತ ಪಾಠ. ಬಜೆಟ್ಟಿನಲ್ಲಿ ನಮ್ಮ ವಿಮಾನದ ಟಿಕೆಟ್ ಮಾತ್ರ ಬರೆದು, ಹಾಡೋವರಿಗೆ, ದಾರಿ ತೋರಿಸೋವರಿಗೆ, ಬರೆದುಕೊಡೋವರಿಗೆ ಸೊನ್ನೆ ಇಡೋದು ತಪ್ಪು. ಅವರ ಸಮಯಕ್ಕೂ ಬೆಲೆ ಇದೆ. ಎರಡನೆಯದು ತೆರಿಗೆ. ಎಫ್-1ನಲ್ಲಿರೋ ನಮ್ಮಂಥ ಅನಿವಾಸಿಗಳ ಫೆಲೋಶಿಪ್ ಹಣದಲ್ಲಿ ಟ್ಯೂಷನ್, ಕಡ್ಡಾಯ ಶುಲ್ಕ, ಪುಸ್ತಕಗಳಿಗೆ ಹೋಗೋದು ಬಿಟ್ಟು ಉಳಿದದ್ದಕ್ಕೆ ಸಾಮಾನ್ಯವಾಗಿ 14 ಪರ್ಸೆಂಟ್ ಹಿಡಿದುಕೊಳ್ತಾರೆ, ಮಾರ್ಚ್ ಹೊತ್ತಿಗೆ 1042-ಎಸ್ ಫಾರ್ಮ್ ಬರುತ್ತೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೌಲಭ್ಯ ಇದೆ, ರಿಟರ್ನ್ ಹಾಕುವಾಗ ಮರೀಬೇಡಿ. ಮತ್ತೆ, ಕೊಡೋವರು ಬದಲಿಗೆ ಏನಾದರೂ ಕೆಲಸ ಮಾಡಿಕೊಡಿ ಅಂದರೆ ಅದು ಉದ್ಯೋಗ ಅನ್ನಿಸಿಕೊಳ್ಳಬಹುದು. ಸಹಿ ಹಾಕೋ ಮುಂಚೆ ಇಂಟರ್‌ನ್ಯಾಷನಲ್ ಆಫೀಸಿಗೆ ಒಂದು ಮೇಲ್ ಹಾಕಿ.

"ನಮಗೆ ಆರ್‌ಎ ಇದೆಯಲ್ಲ, ನಮಗ್ಯಾಕೆ ಇದೆಲ್ಲ" ಅಂತ ಇಂಜಿನಿಯರಿಂಗ್ ಗೆಳೆಯರು ಕೇಳ್ತಾರೆ. ಆರ್‌ಎ ಅಂದರೆ ಪ್ರೊಫೆಸರರ ಪ್ರಶ್ನೆಗೆ ಉತ್ತರ ಹುಡುಕೋಕೆ ಸಿಗೋ ಸಂಬಳ. ಫೆಲೋಶಿಪ್ ಅಂದರೆ ನಿಮ್ಮ ಪ್ರಶ್ನೆಗೆ ಸಿಗೋ ಸಮಯ. ಪ್ರೊಫೆಸರರ ಗ್ರಾಂಟ್ ಮುಗಿದ ಸೆಮಿಸ್ಟರಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಅರ್ಥವಾಗುತ್ತೆ.

ಹಾಗಂತ ಎಲ್ಲ ನಮ್ಮ ಸಂಕೋಚದ್ದೇ ತಪ್ಪು ಅಂತ ನಾನು ಹೇಳ್ತಿಲ್ಲ. ಕೆಲವು ಬಾಗಿಲನ್ನು ಬೇಕಂತಲೇ ಮುಚ್ಚಿದ್ದಾರೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೆ ಅಂತ ಭಾರತ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಮೇಲಿನ ಸಂಶೋಧನೆಗೆ ಅದು ಸಿಗೋದಿಲ್ಲ ಅಂತ 2022ರ ಮಾರ್ಗಸೂಚಿಯಲ್ಲಿ ಸೇರಿಸಿದರು. ಅಂದರೆ ನೀರುಗಂಟಿಯ ಮಗ ಕಂಪ್ಯೂಟರ್ ಸೈನ್ಸ್ ಓದೋಕೆ ಬರಬಹುದು, ತನ್ನ ತಾತನ ಬಗ್ಗೆ ಬರೆಯೋಕೆ ಬರೋ ಹಾಗಿಲ್ಲ. ಅವನ ತಾತನ ಬಗ್ಗೆ ನಾನು ಬರೀತಿದ್ದೀನಿ, ಇಲ್ಲಿನ ದುಡ್ಡಲ್ಲಿ. ಇದು ನ್ಯಾಯ ಅಂತ ನನಗನ್ನಿಸಲ್ಲ. ದೂರು ಹೇಳೋದನ್ನೂ ಬಿಡಬಾರದು, ತೆರೆದಿರೋ ಬಾಗಿಲನ್ನು ತಟ್ಟೋದನ್ನೂ ಬಿಡಬಾರದು.

ಕೊನೆಗೆ ನಮ್ಮ ಸಂಘಕ್ಕೆ ಮೂರು ಮಾತು. ಒಂದು, ನಮ್ಮೆಲ್ಲರ ಅರ್ಜಿಗಳನ್ನು ಒಂದೇ ಫೋಲ್ಡರಿನಲ್ಲಿ ಇಡೋಣ, ಗೆದ್ದವು ಮಾತ್ರ ಅಲ್ಲ, ಸೋತವೂ. ನನ್ನೆರಡೂ ಹಾಕಿದ್ದೀನಿ. ಎರಡು, ಸೆಪ್ಟೆಂಬರ್ ಮೊದಲ ವಾರ ಒಂದು ಸಂಜೆ ಕೂತು ಒಬ್ಬರ ಅರ್ಜಿ ಒಬ್ಬರು ಓದೋಣ. ಎಷ್ಟೋ ಗಡುವು ಅಕ್ಟೋಬರಿನಿಂದ ಜನವರಿ ಒಳಗೆ ಇರುತ್ತವೆ. ಮೂರು, ವರ್ಷಕ್ಕೆ 500 ಡಾಲರ್‌ನ ನಮ್ಮದೇ ಒಂದು ಗ್ರಾಂಟ್ ಇಡೋಣ. ಒಂದು ಪುಟದ ಅರ್ಜಿ, ಕನ್ನಡದಲ್ಲೋ ಇಂಗ್ಲಿಷಲ್ಲೋ. ಪಡೆದವರು ಮುಂದಿನ ಸಂಚಿಕೆಗೆ ಏನು ಮಾಡಿದರು ಅಂತ ಬರೆಯಬೇಕು. ಸ್ಟೂಡೆಂಟ್ ಗವರ್ನಮೆಂಟ್ ಕೊಡೋ ದುಡ್ಡನ್ನು ಹೀಗೆ ಹಂಚೋಕೆ ಬರಲ್ಲ ಅಂತ ಖಜಾಂಚಿ ಹೇಳಿದ್ದಾರೆ, ಒಪ್ಪಿದೆ. ಹಳೇ ವಿದ್ಯಾರ್ಥಿಗಳನ್ನು ಕೇಳೋಣ. ರಾಜ್ಯೋತ್ಸವದ ಊಟದಲ್ಲಿ ಒಂದು ಸಿಹಿ ಕಮ್ಮಿ ಮಾಡೋಣ. ಕೇಳೋದನ್ನು ಕಲಿಯೋವರು ಕೊಡೋದನ್ನೂ ಕಲೀಬೇಕಲ್ಲ.

ಆ ಹುಡುಗಿಯ ವಿಷಯ. ಮಾಸ್ಟರ್ಸ್ ಆದ್ದರಿಂದ ದೊಡ್ಡ ಫೆಲೋಶಿಪ್‌ಗಳು ಅವಳಿಗೆ ಸಿಗೋ ಹಾಗಿರಲಿಲ್ಲ. ಅವಳ ಡಿಪಾರ್ಟ್‌ಮೆಂಟಿನಲ್ಲೇ ಬೇಸಿಗೆ ಸಂಶೋಧನೆಗೆ ಒಂದು ಸಣ್ಣ ನಿಧಿ ಇತ್ತು. ಏಪ್ರಿಲಿನಲ್ಲಿ ಒಂದೂವರೆ ಪುಟ ಬರೆದಳು, ನಾಲ್ಕು ಸಲ ತಿದ್ದಿದ್ವಿ. 900 ಡಾಲರ್ ಸಿಕ್ಕಿತು. ಟಿಕೆಟ್ಟಿಗೂ ಪೂರ್ತಿ ಸಾಲಲಿಲ್ಲ, ಉಳಿದದ್ದು ಅವಳೇ ಹಾಕಿಕೊಂಡಳು. ಜುಲೈಯಲ್ಲಿ ತೀರ್ಥಹಳ್ಳಿಯಿಂದ ಒಂದು ವಾಯ್ಸ್ ಮೆಸೇಜ್ ಬಂತು. ಹೊರಗೆ ಮಳೆ ಸುರೀತಿತ್ತು. "ಅಕ್ಕ, ಬಜೆಟ್ಟಿನಲ್ಲಿ ಬರೆದ ದುಡ್ಡು ಕೊಡೋಕೆ ಹೋದ್ರೆ ಚಿಕ್ಕಜ್ಜಿ ತಗೊಳ್ತಿಲ್ಲ. ಹಾಡಿದ್ದಕ್ಕೆ ಯಾರು ದುಡ್ಡು ಕೊಡ್ತಾರೆ ಅಂತ ನಗ್ತಿದ್ದಾರೆ. ಏನು ಮಾಡ್ಲಿ?"

ಕೊಡು ಅಂದೆ. ಯಾರು ಕೊಡ್ತಾರೆ ಅಂತ ಅವರಿಗೂ ಗೊತ್ತಾಗಲಿ.