ಅಕ್ಕನ ಪವನಿಗೂ ಲೆಕ್ಕ ಇರಲಿ

ನಮ್ಮಲ್ಲಿ ಮೊದಲ ಸಲ ಜಾಗ ತೆಗೆದುಕೊಳ್ಳುವಾಗ ಬ್ಯಾಂಕಿಗೆ ಹೋಗುವವರು ಕಡಿಮೆ. ಬಡ್ಡಿ ಬೇಡ ಎನ್ನುವುದು ಒಂದು ಕಾರಣ. ಗಲ್ಫಿನಲ್ಲಿರುವ ಭಾವ, ಜೊತೆಗೆ ಓದಿದ ಗೆಳೆಯ, ಮನೆಯ ಹೆಂಗಸರ ಚಿನ್ನ, ಇವೇ ನಮ್ಮ ಬ್ಯಾಂಕ್.

ನಾನೂ 2019ರ ಆರಂಭದಲ್ಲಿ ಉಪ್ಪಳದ ಹತ್ತಿರ 12 ಲಕ್ಷಕ್ಕೆ ಐದು ಸೆಂಟ್ಸ್ ಜಾಗ ಹೀಗೆಯೇ ತೆಗೆದುಕೊಂಡೆ. ಜಾಗದ ಹಣವನ್ನಷ್ಟೇ ಹೊಂದಿಸಿದ್ದೆ. ಕೇರಳದಲ್ಲಿ ಶೇ. 8 ಸ್ಟಾಂಪ್ ಡ್ಯೂಟಿ, ಶೇ. 2 ನೋಂದಣಿ ಶುಲ್ಕ ಬೇರೆ ಇದೆ ಎಂಬುದು ತಲೆಯಲ್ಲೇ ಇರಲಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾದಲ್ಲಿ ಇದನ್ನು ಕಲಿಸುವುದಿಲ್ಲವಲ್ಲ! ಆ 1.20 ಲಕ್ಷಕ್ಕೆ ಅಕ್ಕ ತನ್ನ ಐದು ಪವನಿನ ಬಳೆ ಬಿಚ್ಚಿಕೊಟ್ಟಳು. ಆಗ ಪವನಿಗೆ ಸುಮಾರು 24 ಸಾವಿರ.

2024ರಲ್ಲಿ ಅದೇ 1.20 ಲಕ್ಷವನ್ನು ಹೆಮ್ಮೆಯಿಂದ ಅಕ್ಕನ ಕೈಗೆ ಕೊಟ್ಟೆ. ಅವಳು ಎಣಿಸಲೂ ಇಲ್ಲ. ಭಾವ ಮಾತ್ರ ನಗುತ್ತಾ, "ಇದಕ್ಕೆ ಈಗ ಎಷ್ಟು ಪವನ್ ಸಿಗುತ್ತದೆ ಮಾರಾಯ?" ಎಂದರು. ಪವನಿಗೆ 50 ಸಾವಿರ ದಾಟಿತ್ತು. ಎರಡೂವರೆಯೂ ಬರುತ್ತಿರಲಿಲ್ಲ. ಅಷ್ಟರಲ್ಲಿ ಜಾಗದ ಬೆಲೆಯೂ ಏರಿತ್ತು, ಆದರೆ ಜಾಗ ಇರುವುದು ನನ್ನ ಹೆಸರಿನಲ್ಲಿ. ಬಡ್ಡಿಯಿಲ್ಲದ ಸಾಲ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಅಕ್ಕನಿಗೆ ಅರ್ಧ ಚಿನ್ನವೇ ಹೋಗಿತ್ತು.

ಚಿನ್ನ ಪಡೆದರೆ ತೂಕ ಬರೆದಿಟ್ಟು ಚಿನ್ನವನ್ನೇ ಹಿಂದಿರುಗಿಸಬೇಕು. ಹಣ ಪಡೆದರೆ ಯಾರಿಂದ, ಎಷ್ಟು, ಯಾವಾಗ ವಾಪಸ್ ಎಂದು ಬರೆಯಬೇಕು, ಬ್ಯಾಂಕ್ ಮೂಲಕವೇ ಪಡೆಯಬೇಕು. 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನೂ ಸಾಮಾನ್ಯವಾಗಿ ಬಿಡುವುದಿಲ್ಲ.

"ಒಡಹುಟ್ಟಿದವರ ನಡುವೆ ಕಾಗದವಾ? ನಂಬಿಕೆ ಇಲ್ಲವಾ?" ಎಂದು ಉಮ್ಮ ಬೇಸರಪಟ್ಟರು. ಆದರೆ ಸಾಲವನ್ನು ಸಾಕ್ಷಿಗಳ ಮುಂದೆ ಬರೆದಿಡಿ ಎನ್ನುವುದು ಕುರ್‌ಆನಿನ ಅತಿ ಉದ್ದದ ಆಯತ್ತಿನಲ್ಲೇ ಇದೆ (ಅಲ್ ಬಕರ, 282). ಅಂಗಡಿಯಲ್ಲಿ ಉಪ್ಪ ಪಕ್ಕದ ಮನೆಯವರ ಅರ್ಧ ಕಿಲೋ ಸಕ್ಕರೆಯನ್ನೂ ಪುಸ್ತಕದಲ್ಲಿ ಬರೆಯುತ್ತಾರೆ. ಅದಕ್ಕೆ ಯಾರೂ ಮುನಿಸಿಕೊಂಡದ್ದಿಲ್ಲ. ಮುನಿಸು ಹುಟ್ಟುವುದು ಬರೆಯದ ಲೆಕ್ಕದಲ್ಲಿ. ಅದರಲ್ಲೂ ಹೆಂಗಸರ ಚಿನ್ನದ ವಿಷಯದಲ್ಲಿ ಕೇಳುವುದೇ ನಾಚಿಕೆ ಎಂದು ನಾವು ಮಾಡಿಟ್ಟಿದ್ದೇವೆ. ಅಕ್ಕ ಈವರೆಗೂ ಬಾಯಿಬಿಟ್ಟು ಕೇಳಿಲ್ಲ.

ಉಳಿದದ್ದನ್ನು ಅರ್ಧರ್ಧ ಪವನ್ ನಾಣ್ಯವಾಗಿ ಕೊಡುತ್ತಿದ್ದೇನೆ. ಇನ್ನೂ ಒಂದು ಪವನ್ ಬಾಕಿ ಇದೆ. ಅದನ್ನು ಬರೆದ ಚೀಟಿ ಅಕ್ಕನ ಕಪಾಟಿನಲ್ಲಿದೆ.